ಜಿಮ್‌ಗೆ ಹೋದರೆ ಸೈಕಲ್ ವೇಗ ಕಡಿಮೆಯಾಗುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

“ಸೈಕಲ್ ತುಳಿಯುವವರು ಜಿಮ್‌ನಲ್ಲಿ ಭಾರ ಎತ್ತಬಾರದು, ಕಾಲು ದಪ್ಪವಾಗಿ ವೇಗ ಕುಗ್ಗುತ್ತದೆ.” ಸೈಕ್ಲಿಂಗ್ ಮಾಡುವವರ ನಡುವೆ ಆಗಾಗ ಕೇಳಿಬರುವ ಮಾತಿದು. ಮಳೆಗಾಲದಲ್ಲಿ ಸವಾರಿ ಕಡಿಮೆಯಾದಾಗ ಜಿಮ್ ಸೇರಬೇಕೇ ಬೇಡವೇ ಎಂಬ ಗೊಂದಲವೂ ಇದರಿಂದಲೇ ಹುಟ್ಟುತ್ತದೆ. ಇದರಲ್ಲಿ ಎಷ್ಟು ನಿಜ?

ಅಧ್ಯಯನ ಏನು ಹೇಳುತ್ತದೆ?

ನಾರ್ವೆಯ ಸಂಶೋಧಕ ಬೆಂಟ್ ರೋನೆಸ್ಟಾಡ್ ಮತ್ತು ಸಂಗಡಿಗರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚೆನ್ನಾಗಿ ಪಳಗಿದ ಸೈಕಲ್ ಸವಾರರಲ್ಲಿ ಒಂದು ಗುಂಪು 12 ವಾರ ಸೈಕ್ಲಿಂಗ್ ಜೊತೆಗೆ ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಮಾಡಿತು. ಇನ್ನೊಂದು ಗುಂಪು ಸೈಕ್ಲಿಂಗ್ ಮಾತ್ರ ಮಾಡಿತು. ಬಳಿಕ ಎಲ್ಲರೂ 185 ನಿಮಿಷ ಸೈಕಲ್ ತುಳಿದು, ಕೊನೆಯ 5 ನಿಮಿಷ ಪೂರ್ಣ ಶಕ್ತಿ ಹಾಕಬೇಕಿತ್ತು. ಭಾರ ಎತ್ತಿದ ಗುಂಪಿನ ಶಕ್ತಿ ಸುಮಾರು 7% ಹೆಚ್ಚಿತ್ತು. ಇನ್ನೊಂದು ಗುಂಪಿನಲ್ಲಿ ಬದಲಾವಣೆ ಕಾಣಲಿಲ್ಲ. ಇದು ಸಣ್ಣ ಅಧ್ಯಯನ ನಿಜ. ಆದರೆ ವೇಗ ಕುಗ್ಗುತ್ತದೆ ಎಂಬ ಮಾತಿಗೆ ಇದು ನೇರ ಉತ್ತರ.

ಕಾರಣವೇನು?

ಬೆಂಗಳೂರಿನಲ್ಲೂ ನಡೆಯುವ 200 ಕಿ.ಮೀ. ‘ಬ್ರೆವೆ’ ಸವಾರಿಯನ್ನು ತೆಗೆದುಕೊಳ್ಳಿ. ಇದನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ನಿಮಿಷಕ್ಕೆ 80 ಸುತ್ತು ಪೆಡಲ್ ತುಳಿದರೂ 10 ಗಂಟೆಗೆ 48,000 ಸುತ್ತು! ಕಾಲಿನ ಗರಿಷ್ಠ ಬಲ ಹೆಚ್ಚಿದರೆ ಪ್ರತಿ ತುಳಿತಕ್ಕೂ ಆ ಬಲದ ಸಣ್ಣ ಪಾಲು ಸಾಕಾಗುತ್ತದೆ. ಬೇಗ ದಣಿಯುವ ಸ್ನಾಯು ಎಳೆಗಳಿಗೆ ಕೆಲಸ ಬೀಳುವುದು ತಡವಾಗುತ್ತದೆ. ಲಾಭ ಕಾಣುವುದು ಮೊದಲ ಗಂಟೆಯಲ್ಲಲ್ಲ, ಕೊನೆಯ ಗಂಟೆಗಳಲ್ಲಿ.

ಕಾಲು ದಪ್ಪವಾಗುವುದಿಲ್ಲವೇ?

ತೊಡೆಯ ಸ್ನಾಯು ಸ್ವಲ್ಪ ಬೆಳೆಯಬಹುದು. ಆದರೆ ಟ್ರ್ಯಾಕ್ ಸ್ಪ್ರಿಂಟರ್‌ಗಳಂಥ ದಪ್ಪ ತೊಡೆ ವರ್ಷಗಟ್ಟಲೆ ಅದಕ್ಕೆಂದೇ ಮಾಡಿದ ಕಸರತ್ತಿನ ಫಲ. ವಾರಕ್ಕೆ ಎರಡು ದಿನದ ಜಿಮ್‌ನಿಂದ ಅದು ಬರುವುದಿಲ್ಲ.

ಮೂಳೆಗೂ ಬೇಕು

ಸೈಕಲ್ ಮೇಲೆ ದೇಹದ ಭಾರವನ್ನು ಸೀಟು ಹೊರುತ್ತದೆ. ಹಾಗಾಗಿ ಮೂಳೆಗೆ ಬೇಕಾದ ಒತ್ತಡ ಸಿಗುವುದಿಲ್ಲ. ವರ್ಷಗಟ್ಟಲೆ ಸೈಕ್ಲಿಂಗ್ ಮಾತ್ರ ಮಾಡುವವರಲ್ಲಿ ಬೆನ್ನುಮೂಳೆಯ ಸಾಂದ್ರತೆ ಕಡಿಮೆ ಇರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಭಾರ ಎತ್ತುವುದು ಈ ಕೊರತೆ ತುಂಬಲು ನೆರವಾಗುತ್ತದೆ.

ಹೇಗೆ ಶುರು ಮಾಡುವುದು?

• ಮೊದಲ 2-3 ವಾರ ಹಗುರ ಭಾರ, ಒಂದು ಸೆಟ್‌ಗೆ 12-15 ಸಲ. ಭಂಗಿ ಸರಿಯಾಗಿ ಕಲಿಯಿರಿ.
• ನಂತರ ನಿಧಾನವಾಗಿ ಭಾರ ಹೆಚ್ಚಿಸಿ, 5-8 ಸಲದ 3 ಸೆಟ್. ಸ್ಕ್ವಾಟ್, ಡೆಡ್‌ಲಿಫ್ಟ್, ಸ್ಟೆಪ್-ಅಪ್, ಪ್ಲ್ಯಾಂಕ್ ಸಾಕು.
• ವಾರಕ್ಕೆ ಎರಡು ದಿನ, ನಡುವೆ ಬಿಡುವು. ಸವಾರಿಯ ದಿನಗಳು ಶುರುವಾದ ಮೇಲೆ ವಾರಕ್ಕೊಮ್ಮೆ ಮಾಡಿ. ಪೂರ್ತಿ ನಿಲ್ಲಿಸಿದರೆ ಗಳಿಸಿದ ಬಲ ಇಳಿಯುತ್ತದೆ.
• ಸೈಕಲ್ ಬಿಡಬೇಡಿ. ಜಿಮ್ ಸವಾರಿಗೆ ಪೂರಕವೇ ಹೊರತು ಬದಲಿ ಅಲ್ಲ.

ಎಚ್ಚರ!

ಅಭ್ಯಾಸವಿಲ್ಲದವರು ‘ದಿನಕ್ಕೆ ನೂರಾರು ಬಸ್ಕಿ’ ಎಂಬಂಥ ಸವಾಲುಗಳಿಗೆ ಇಳಿಯಬೇಡಿ. ಮಿತಿಮೀರಿದ ಕಸರತ್ತಿನಿಂದ ಸ್ನಾಯು ಒಡೆದು, ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ವಿಪರೀತ ನೋವು, ಊತ, ಚಹಾ ಡಿಕಾಕ್ಷನ್ ಬಣ್ಣದ ಮೂತ್ರ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಬಿಪಿ, ಹೃದಯದ ತೊಂದರೆ, ಹರ್ನಿಯಾ ಅಥವಾ ಮಂಡಿ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿಯೇ ಆರಂಭಿಸಿ.

ಒಟ್ಟಿನಲ್ಲಿ: ಜಿಮ್‌ಗೆ ಹೋದರೆ ಸೈಕಲ್ ವೇಗ ಕುಗ್ಗುತ್ತದೆ ಎಂಬುದು ತಪ್ಪು. ಹಿತಮಿತವಾಗಿ ಭಾರ ಎತ್ತಿದರೆ ದೂರದ ಸವಾರಿಗೆ ಅನುಕೂಲವೇ ಹೆಚ್ಚು.