ನಿಜಾಮನೋ, ನಾಲೆಯೋ? ರಾಯಚೂರು ದೋಆಬಿನ ಬಡತನ ಮತ್ತು ಒಂದು ಪಟ್ಟಿಯ ಮರುಓದು

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ಜೂನ್‌ನಲ್ಲಿ ಸರ್ಕಾರಕ್ಕೆ ಒಪ್ಪಿಸಿದ ವರದಿಯನ್ನು ಉಲ್ಲೇಖಿಸದ ಉತ್ತರ ಕರ್ನಾಟಕದ ಭಾಷಣವಿಲ್ಲ. ಆದರೆ ಅದರಲ್ಲಿನ 39 ‘ಅತಿ ಹಿಂದುಳಿದ’ ತಾಲ್ಲೂಕುಗಳ ಪಟ್ಟಿಯನ್ನು ಹೆಸರು ಹೆಸರಾಗಿ ಓದಿದವರು ವಿರಳ. ಓದಿದ್ದರೆ ಎರಡು ದಶಕಗಳಿಂದ ನಮ್ಮ ವಿಚಾರಗೋಷ್ಠಿಗಳಲ್ಲಿ ಕೇಳಿಬರುವ ವಾದ ಇಷ್ಟು ದಿನ ಬದುಕುತ್ತಿರಲಿಲ್ಲ. ವಾದ ಸರಳ: 39ರಲ್ಲಿ 21 ತಾಲ್ಲೂಕು ಗುಲ್ಬರ್ಗ ವಿಭಾಗದವು, ಆ ವಿಭಾಗ ನಿಜಾಮನ ಆಳ್ವಿಕೆಯಲ್ಲಿತ್ತು, ಆದ್ದರಿಂದ ಹಿಂದುಳಿದಿರುವಿಕೆಗೆ ಕಾರಣ ನಿಜಾಮನ ಆಳ್ವಿಕೆ. 2024ರಲ್ಲಿ ಅಸೆಮೊಗ್ಲು, ಜಾನ್ಸನ್, ರಾಬಿನ್ಸನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದ ಮೇಲೆ ಇದೇ ವಾದಕ್ಕೆ ಸಿದ್ಧಾಂತದ ಬೆಂಬಲವೂ ಸಿಕ್ಕಿತು. ಕೆಲವು ದೇಶಗಳು ಏಳಿಗೆ ಕಾಣುವುದು, ಕೆಲವು ಬಡವಾಗಿಯೇ ಉಳಿಯುವುದು ಅಲ್ಲಿನ ಆಡಳಿತ ಸಂಸ್ಥೆಗಳ ಗುಣದಿಂದ ಎಂಬುದು ಆ ಮೂವರ ಪ್ರತಿಪಾದನೆ. ಸುಲಿಯುವ ಸಂಸ್ಥೆಗಳು ಎಂದರೆ ನಿಜಾಮ, ಒಳಗೊಳ್ಳುವ ಸಂಸ್ಥೆಗಳು ಎಂದರೆ ಮೈಸೂರು ಎಂದು ನಮ್ಮವರು ಒಂದೇ ಉಸಿರಿನಲ್ಲಿ ಅನುವಾದಿಸಿಕೊಂಡುಬಿಟ್ಟರು.

ಮೊದಲು ಎಣಿಕೆಯನ್ನೇ ನೋಡೋಣ. ಗುಲ್ಬರ್ಗ ವಿಭಾಗದ 21ರಲ್ಲಿ ಕೂಡ್ಲಿಗಿ ಇದೆ, ಸಂಡೂರು ಇದೆ. ಕೂಡ್ಲಿಗಿ 1800ರಿಂದ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯದು. ಸಂಡೂರು ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನ. ಇವೆರಡನ್ನೂ ನಿಜಾಮನ ಖಾತೆಗೆ ಬರೆಯುವುದು ವಿಭಾಗದ ಈಗಿನ ಗಡಿಯನ್ನೇ ಇತಿಹಾಸದ ಗಡಿ ಎಂದು ಭಾವಿಸುವವರಿಗೆ ಮಾತ್ರ ಸಾಧ್ಯ. ಇನ್ನು ದಕ್ಷಿಣದ 13ರಲ್ಲಿ 11 ತಾಲ್ಲೂಕುಗಳು ಬೆಂಗಳೂರು ವಿಭಾಗದವು. ಕನಕಪುರ, ಮಾಗಡಿ, ಕುಣಿಗಲ್, ಶಿರಾ ಇದೇ 39ರ ಪಟ್ಟಿಯಲ್ಲಿವೆ. ದಿವಾನರ ಮೈಸೂರಿನ ಹೃದಯಭಾಗದಲ್ಲಿದ್ದು, ರಾಜಧಾನಿಯಿಂದ ಅರ್ಧ ದಿನದ ಬಸ್ ಪ್ರಯಾಣವೂ ಇಲ್ಲದ ಈ ಊರುಗಳು ಅದೇ ದರ್ಜೆಗೆ ಹೇಗೆ ಇಳಿದವು ಎಂಬ ಪ್ರಶ್ನೆಯನ್ನು ನಿಜಾಮವಾದಿಗಳು ಎತ್ತಿದ್ದನ್ನು ನಾನು ಕಂಡಿಲ್ಲ.

ಎಣಿಕೆಗಿಂತ ದೊಡ್ಡ ತೊಡಕು ತುಂಗಭದ್ರೆಯ ಆಚೆ ದಡದಲ್ಲಿದೆ. ಅಸೆಮೊಗ್ಲು, ರಾಬಿನ್ಸನ್ ಅವರ ಹೆಸರಾಂತ ಪುಸ್ತಕ ತೆರೆದುಕೊಳ್ಳುವುದು ಅಮೆರಿಕ ಮೆಕ್ಸಿಕೋ ಗಡಿಯ ನೊಗಾಲೆಸ್ ಪಟ್ಟಣದಿಂದ: ಒಂದೇ ಹವೆ, ಒಂದೇ ಜನ, ನಡುವೆ ಬೇಲಿ, ಎರಡು ಬಗೆಯ ಬದುಕು. ನಮ್ಮಲ್ಲಿ ಅಂಥ ಬೇಲಿ ನದಿಯೇ. 1800ರಲ್ಲಿ ನಿಜಾಮ ಬಳ್ಳಾರಿ, ಆದವಾನಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಅದೇ ವರ್ಷದಿಂದ 1807ರವರೆಗೆ ಅಲ್ಲಿ ಪ್ರಧಾನ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ನೆಲೆಗೊಳಿಸಿದ ರೈತವಾರಿ ಪದ್ಧತಿಯನ್ನು ಸಂಸ್ಥಾವಾದಿಗಳು ಮಾದರಿಯೆಂದೇ ಎಣಿಸಬೇಕು. ಜಮೀನ್ದಾರನಿಲ್ಲ, ಪಟ್ಟಾ ನೇರ ರೈತನ ಹೆಸರಿಗೆ. ಒಂದೂವರೆ ಶತಮಾನದ ನಂತರ ಆದವಾನಿ, ಆಲೂರು ಸೀಮೆ ಎಲ್ಲಿ ನಿಂತಿತ್ತು? ರಾಯಲಸೀಮೆಯ ಬರದ ಪಟ್ಟಿಯಲ್ಲಿ, ರಾಯಚೂರಿನ ಎದುರುಬದುರಿಗೆ. 1876-78ರ ಬರ ನದಿಯ ಎರಡೂ ದಡಗಳನ್ನು ತಿಂದಿತು. ಮನ್ರೋನ ಪಟ್ಟಾ ಹಿಡಿದಿದ್ದವರನ್ನು ಅದು ಬಿಡಲಿಲ್ಲ.

1853ರಿಂದ 1860ರವರೆಗೆ, ಹೈದರಾಬಾದ್ ಸೈನ್ಯದ ಖರ್ಚಿನ ಬಾಬತ್ತಿಗೆಂದು, ಬೇರಾರ್ ಮತ್ತು ಧಾರಾಶಿವದೊಂದಿಗೆ ಕೃಷ್ಣಾ, ತುಂಗಭದ್ರೆಗಳ ನಡುವಿನ ರಾಯಚೂರು ದೋಆಬೂ ಬ್ರಿಟಿಷರ ಕೈಯಲ್ಲಿತ್ತು ಎಂಬುದನ್ನು ಇಲ್ಲಿ ನೆನಪಿಸಬಹುದು. ಏಳು ವರ್ಷ ಏನನ್ನೂ ಸಾಧಿಸಲು ಸಾಲದು, ಒಪ್ಪೋಣ. ಆದರೆ ‘ಪೂರ್ತಿ ನಿಜಾಮನದು’ ಎಂಬ ಮಾತಿನಲ್ಲಿ ಇಂಥ ತೂತುಗಳೂ ಇವೆ.

ಇಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಲಕ್ಷ್ಮಿ ಅಯ್ಯರ್ ಅವರ 2005ರ ಪ್ರಬಂಧವನ್ನು ತಂದು ನಿಲ್ಲಿಸುವವರಿದ್ದಾರೆ. ಜಮೀನ್ದಾರಿ ಇದ್ದ ಜಿಲ್ಲೆಗಳು ಸ್ವಾತಂತ್ರ್ಯದ ನಂತರವೂ ಕೃಷಿಯಲ್ಲಿ ಹಿಂದುಳಿದವು ಎಂದು ಅದು ತೋರಿಸಿತು, ಸರಿ. ಅದು ಲೆಕ್ಕ ಹಾಕಿದ್ದು ಬ್ರಿಟಿಷರ ನೇರ ಆಡಳಿತದ ಪ್ರದೇಶಗಳನ್ನು. ರಾಯಚೂರು ಆ ಲೆಕ್ಕದಲ್ಲೇ ಇಲ್ಲ. ಅಯ್ಯರ್ ಅವರೇ 2010ರಲ್ಲಿ ಬರೆದ ಇನ್ನೊಂದು ಪ್ರಬಂಧವಂತೂ ಉಲ್ಟಾ ಹೊಡೆಯುತ್ತದೆ: ಶಾಲೆ, ಆಸ್ಪತ್ರೆ, ರಸ್ತೆಗಳ ವಿಷಯದಲ್ಲಿ ಬ್ರಿಟಿಷರ ನೇರ ಆಡಳಿತದ ಪ್ರದೇಶಗಳಿಗಿಂತ ದೇಶೀ ಸಂಸ್ಥಾನಗಳೇ ವಾಸಿ ಎಂಬುದು ಅದರ ತೀರ್ಮಾನ. ಒಬ್ಬರದೇ ಎರಡು ಪ್ರಬಂಧಗಳಲ್ಲಿ ಮೊದಲನೆಯದನ್ನು ಮಾತ್ರ ಉದ್ಧರಿಸುವುದು ನಮ್ಮಲ್ಲಿ ರೂಢಿಯಾಗಿದೆ. (ಎರಡನೆಯದು ಓದಲು ಸಿಗದಂಥದೇನಲ್ಲ.)

ನನ್ನ ತಕರಾರು ಇರುವುದು ಪಟ್ಟಿಯ ಎರಡೇ ಸಾಲುಗಳಲ್ಲಿ: ದೇವದುರ್ಗ ಮತ್ತು ಮಾನ್ವಿ.

ಸಮಿತಿಯು 35 ಸೂಚಕಗಳನ್ನು ಹಿಡಿದು 175 ತಾಲ್ಲೂಕುಗಳನ್ನು ಅಳೆಯಿತು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗಿನವು 114. ಅವುಗಳಲ್ಲಿ 0.53ರಿಂದ 0.79ರವರೆಗಿನವು ಅತಿ ಹಿಂದುಳಿದವು. 0.53 ಎಂಬ ತಳದ ಅಂಕೆ ದೇವದುರ್ಗದ್ದು. ಇದರಲ್ಲಿ ಅಚ್ಚರಿಯಿಲ್ಲ. ಉತ್ತರಕ್ಕೆ ಕೃಷ್ಣೆ ಹರಿದರೂ ಆ ತಾಲ್ಲೂಕಿನ ಹೊಲಕ್ಕೆ ನೀರು ಏರಿದ್ದು ಬಹಳ ತಡವಾಗಿ. 1964ರಲ್ಲಿ ಶಂಕುಸ್ಥಾಪನೆಯಾದ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ನಾರಾಯಣಪುರ ಅಣೆಕಟ್ಟು ಮುಗಿದದ್ದು 1982ರಲ್ಲಿ. ಬಲದಂಡೆ ನಾಲೆ ದೇವದುರ್ಗ ಮುಟ್ಟಿದ್ದು ಅದಕ್ಕೂ ಎಷ್ಟೋ ನಂತರ. ಮಳೆ ಕೈಕೊಟ್ಟ ವರ್ಷ ತಾಂಡಾಗಳಿಗೆ ಬೀಗ ಬಿದ್ದು, ಜನ ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುವುದು ಇಂದಿಗೂ ನಿಂತಿಲ್ಲ.

ಆದರೆ ಅದೇ ಅತಿ ಹಿಂದುಳಿದ ಪಟ್ಟಿಯಲ್ಲಿ ಮಾನ್ವಿಗೇನು ಕೆಲಸ? ಸಿಂಧನೂರಿಗೇನು ಕೆಲಸ? ಪೂರ್ವಸೂರಿಗಳು ನಿಲ್ಲದೆ ದಾಟಿಹೋದ ಜಾಗ ಇದು. ದೇವದುರ್ಗ ಮತ್ತು ಮಾನ್ವಿಯನ್ನು ಆಳಿದವರು ಬೇರೆ ಬೇರೆಯಲ್ಲ. ಅದೇ ನಿಜಾಮ, ಅದೇ ಏಳು ವರ್ಷದ ಬ್ರಿಟಿಷ್ ಆಡಳಿತ, 1948ರ ಸೆಪ್ಟೆಂಬರ್‌ನ ವಿಲೀನ, 1956ರ ನವೆಂಬರ್‌ನ ಏಕೀಕರಣ. ವ್ಯತ್ಯಾಸ ಒಂದೇ, ತುಂಗಭದ್ರಾ ಎಡದಂಡೆ ನಾಲೆ. 1945ರ ಫೆಬ್ರವರಿ 28ರಂದು ಹೈದರಾಬಾದ್ ಕಡೆಯಿಂದ ಬೇರಾರಿನ ರಾಜಕುಮಾರ, ಮದ್ರಾಸ್ ಕಡೆಯಿಂದ ಗವರ್ನರ್ ಆರ್ಥರ್ ಹೋಪ್ ಅಡಿಗಲ್ಲು ಇಟ್ಟ ಅಣೆಕಟ್ಟಿನಿಂದ 1953ರಲ್ಲಿ ನೀರು ಬಿಟ್ಟರು. 227 ಕಿ.ಮೀ. ಉದ್ದದ ನಾಲೆ ಗಂಗಾವತಿ, ಸಿಂಧನೂರು, ಮಾನ್ವಿ ಹಾದು ರಾಯಚೂರಿಗೆ ಬಂತು. ದೇವದುರ್ಗಕ್ಕಿಂತ ದಶಕಗಳ ಮುಂಚೆ ನೀರು ಕಂಡ ಮಾನ್ವಿ, 2002ರಲ್ಲಿ ದೇವದುರ್ಗದ ದರ್ಜೆಯಲ್ಲೇ ಕುಳಿತಿತ್ತು. ಇದನ್ನು ನಿಜಾಮನಿಂದ ವಿವರಿಸಲಾಗದು. ‘ನೀರು ಕೊಡಿ, ಬಡತನ ತಾನಾಗಿ ಹೋಗುತ್ತದೆ’ ಎನ್ನುವ ಎಂಜಿನಿಯರರಿಂದಲೂ ವಿವರಿಸಲಾಗದು.

ಆಕ್ಷೇಪವೊಂದು ಬರುವುದು ಖಚಿತ: ಸಾಕ್ಷರತೆ, ಆರೋಗ್ಯ, ಬ್ಯಾಂಕು, ರಸ್ತೆ ಎಲ್ಲವನ್ನೂ ಅರೆದು ಒಂದೇ ಅಂಕೆ ಮಾಡಿದ ಸೂಚ್ಯಂಕದಲ್ಲಿ ಭತ್ತದ ಹಣ ಕಾಣದೇ ಹೋಗಿರಬಹುದು, ಸಿಂಧನೂರಿನ ರಸ್ತೆಯುದ್ದಕ್ಕೂ ಇರುವ ಟ್ರ್ಯಾಕ್ಟರ್ ಶೋರೂಮುಗಳನ್ನು ನೋಡಿದವರು ಅದನ್ನು ಬಡ ಊರು ಎನ್ನುವುದಿಲ್ಲ ಎಂದು. ಆಕ್ಷೇಪ ಅರ್ಧ ನಿಜ. ಆ ಅರ್ಧವೇ ನನ್ನ ಪರ ಸಾಕ್ಷಿ. ಅಷ್ಟು ಹಣ ಹರಿದ ತಾಲ್ಲೂಕಿನಲ್ಲಿ ಶಾಲೆ, ಆಸ್ಪತ್ರೆ, ಅಕ್ಷರ ಇವು ಸೂಚ್ಯಂಕವನ್ನು ಕೆಳಕ್ಕೆ ಎಳೆಯುವಷ್ಟು ಸೊರಗಿದ್ದವು ಎಂದರೆ, ಹಣ ಯಾರ ಕೈಯಲ್ಲಿ ನಿಂತಿತು ಎಂಬುದೇ ಕೇಳಬೇಕಾದ ಪ್ರಶ್ನೆ. ಅದೇ ನಾಲೆಯ ತಲೆಯಲ್ಲಿರುವ, ಅದೇ ನಿಜಾಮನ ಗಂಗಾವತಿ 39ರ ಪಟ್ಟಿಯಲ್ಲಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ತಲೆ ಹೊರಗೆ, ಅದರ ಕೆಳಗಿನ ಸಿಂಧನೂರು, ಮಾನ್ವಿ ಒಳಗೆ.

ಉತ್ತರಕ್ಕೆ ಬೇಕಾದ ಆಕರ ಕನ್ನಡದಲ್ಲಿ ಚರ್ಚೆಗೇ ಬಂದಿಲ್ಲ ಎನ್ನಬಹುದು. ಡಚ್ ಸಂಶೋಧಕ ಪೀಟರ್ ಮೊಲಿಂಗ ಇದೇ ನಾಲೆಯ ನೀರು ಹಂಚಿಕೆಯನ್ನು ಕುರಿತು ದಪ್ಪ ಗ್ರಂಥವನ್ನೇ ಬರೆದಿದ್ದಾರೆ. ಗೋಷ್ಠಿಗಳಲ್ಲಿ ಅಸೆಮೊಗ್ಲು ಹೆಸರು ಕೇಳಿದಷ್ಟು ಸಲ ಮೊಲಿಂಗ ಹೆಸರು ಕೇಳುವುದಿಲ್ಲ. ಒಬ್ಬರು ಜಗತ್ತಿನ ಬಗ್ಗೆ ಬರೆದರು, ಇನ್ನೊಬ್ಬರು ನಮ್ಮ ತೂಬುಗಳ ಬಗ್ಗೆ.

ತುಂಗಭದ್ರಾ ಯೋಜನೆಯನ್ನು ರೂಪಿಸಿದ್ದು ಬರ ತಡೆಯಲೆಂದು. ಸ್ವಲ್ಪ ನೀರನ್ನು ಹೆಚ್ಚು ನೆಲಕ್ಕೆ ತೆಳುವಾಗಿ ಹರಡುವುದು, ಜೋಳ, ಹತ್ತಿಯಂಥ ಬೆಳೆ ಉಳಿಸುವುದು, ಭತ್ತಕ್ಕೆ ಗೊತ್ತುಪಡಿಸಿದ ಕೆಲವೇ ಜಾಗ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಸರ್ಕಾರವೇ ಬರೆದಿಟ್ಟಿತು. ಆದರೆ ಎರೆ ಭೂಮಿಗೆ ನಾಲೆ ನೀರು ಹಾಯಿಸಬೇಕಾದರೆ ನೆಲ ಸಮ ಮಾಡಬೇಕು, ಬದು ಹಾಕಬೇಕು, ಗೊಬ್ಬರಕ್ಕೆ ಸಾಲ ಬೇಕು. ಹಿಂಗಾರಿ ಜೋಳದಲ್ಲಿ ಪಳಗಿದ ಇಲ್ಲಿನ ಒಕ್ಕಲಿಗೆ ಆ ಬಂಡವಾಳವಿರಲಿಲ್ಲ, ಅದನ್ನು ಒದಗಿಸುವ ಸಹಕಾರ ಸಂಘವೂ ಹೆಸರಿಗಷ್ಟೇ. ಕೃಷ್ಣಾ, ಗೋದಾವರಿ ಡೆಲ್ಟಾದಲ್ಲಿ ಒಂದೆಕರೆ ಮಾರಿದವರು ಇಲ್ಲಿ ಹಲವು ಎಕರೆ ಕೊಂಡರು. ಗಂಗಾವತಿಯ ಶ್ರೀರಾಮನಗರದಿಂದ ಮಾನ್ವಿಯವರೆಗೆ ಆ ವಲಸಿಗರ ಕ್ಯಾಂಪುಗಳು ಎದ್ದವು. ಅವರನ್ನು ದೂರುವವರ ಸಾಲಿನಲ್ಲಿ ನಾನಿಲ್ಲ. ಅವರು ದುಡಿದರು, ಸೋನಾ ಮಸೂರಿಯನ್ನು ಈ ಸೀಮೆಯ ಹೆಸರಾಗಿಸಿದರು. ದೂರಬೇಕಾದದ್ದು, ತಾನೇ ಬರೆದಿಟ್ಟ ಬೆಳೆ ಪಟ್ಟಿಯನ್ನು ತಾನೇ ಮರೆತ ಸರ್ಕಾರವನ್ನು. ಜೋಳಕ್ಕೆಂದು ಗೊತ್ತಾದ ತೂಬಿನ ಕೆಳಗೆ ಭತ್ತ ಎದ್ದಿತು. ಭತ್ತಕ್ಕೆ ಜೋಳಕ್ಕಿಂತ ಎಷ್ಟೋ ಪಾಲು ಹೆಚ್ಚು ನೀರು ಬೇಕು. ಮೇಲಿನವರು ಕುಡಿದಷ್ಟೂ ಕೆಳಗಿನವರಿಗೆ ಕಡಿಮೆ.

ಹೀಗಾಗಿ ಮಾನ್ವಿ ಒಂದೇ ತಾಲ್ಲೂಕಲ್ಲ. ನಾಲೆಗಿಂತ ಎತ್ತರದ ನೆಲದಲ್ಲಿರುವ ಊರುಗಳಿಗೆ ನೀರು ಹತ್ತುವುದೇ ಇಲ್ಲ. ನಾಲೆಗೆ ಹತ್ತಿರದ ಊರುಗಳಲ್ಲಿ ಅಕ್ಕಿ ಗಿರಣಿಗಳಿವೆ. ಉಪಕಾಲುವೆಗಳ ಕೊನೆಭಾಗದ ಊರುಗಳು ದಾಖಲೆಯಲ್ಲಿ ನೀರಾವರಿ, ಹೊಲದಲ್ಲಿ ಒಣ ಬೇಸಾಯ. ಈ ಕೊನೆಯ ಊರುಗಳಿಗೆ ದೇವದುರ್ಗದವರಿಗಿಲ್ಲದ ತೊಂದರೆಯೊಂದಿದೆ: ಕಾಗದದಲ್ಲಿ ನೀರಾವರಿ ಎಂದಿರುವ ಕಾರಣಕ್ಕೆ ಅವರ ಬರ ಬರವೇ ಅಲ್ಲ ಎನ್ನಲು ಕಚೇರಿಗೆ ಸಬೂಬು ಸಿಗುತ್ತದೆ. ತಾಲ್ಲೂಕಿನ ಸರಾಸರಿ ಹಿಡಿದ ನಂಜುಂಡಪ್ಪ ಸಮಿತಿಗೆ ಈ ಮೂರು ಮಾನ್ವಿಗಳು ಕಾಣಲಿಲ್ಲ. (ಸಮಿತಿಯ ಮೇಲೆ ನನಗೆ ಗೌರವವಿದೆ. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಧೈರ್ಯವಾಗಿ ಬರೆದ ವರದಿ ಅದು. ಅದನ್ನು ಓದದೆ ಹೊಗಳುವವರ ಮೇಲೆ ಆ ಗೌರವವಿಲ್ಲ.)

ರಾಯಚೂರು ನಗರದ ಮಾತನ್ನು ಚುಟುಕಾಗಿ ಮುಗಿಸಬಹುದು. ರಾಯಚೂರು ತಾಲ್ಲೂಕು ನಾಲೆಯ ಬಾಲದಲ್ಲಿದ್ದೂ 39ರ ಪಟ್ಟಿಗೆ ಬೀಳಲಿಲ್ಲ. ನಗರ ಅದನ್ನು ಎತ್ತಿಹಿಡಿಯಿತು. 1871ರಲ್ಲಿ ಬೊಂಬಾಯಿ ಕಡೆಯ ರೈಲು, ಮದ್ರಾಸ್ ಕಡೆಯ ರೈಲು ಕೂಡಿದ್ದು ಇಲ್ಲೇ. ಹತ್ತಿ ಮಾರುಕಟ್ಟೆ, 1985ರಿಂದ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ, ವರದಿಯ ನಂತರ 2008ರಿಂದ ಕೃಷಿ ವಿಶ್ವವಿದ್ಯಾಲಯ, 2019ರಿಂದ ಐಐಐಟಿ ಎಲ್ಲವೂ ಇವೆ. ಎರಡು ಮಹಾನದಿಗಳ ನಡುವಿನ ಈ ನಗರದಲ್ಲಿ 2022ರಲ್ಲಿ ಜನ ಕಲುಷಿತ ಕುಡಿಯುವ ನೀರಿನಿಂದ ಸತ್ತರು. ಇದಕ್ಕೆ ನಿಜಾಮನನ್ನು ಹೊಣೆ ಮಾಡಲು ನಮ್ಮ ಪ್ರಾಜ್ಞರಿಗೂ ಕಷ್ಟವಾಗುತ್ತದೆ.

ನಿಜಾಮನನ್ನು ನಾನು ಖುಲಾಸೆ ಮಾಡುತ್ತಿಲ್ಲ. ಕನ್ನಡದ ಮಕ್ಕಳಿಗೆ ಉರ್ದುವಿನಲ್ಲಿ ಪಾಠ ಹೇಳಿದ ಸರ್ಕಾರ ಅದು. ಅಕ್ಷರದ ಬಡತನದಲ್ಲಿ ಅದರ ಪಾಲು ದೊಡ್ಡದು. ಆದರೆ ಜಾಗೀರುಗಳು 1949ರಲ್ಲೇ ರದ್ದಾದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ರಾಯಚೂರು ಜಿಲ್ಲೆಯದು ಶೇ. 59.56, ಹೆಂಗಸರದು ಶೇ. 48.73. ಸತ್ತ ಸರ್ಕಾರದ ಮೇಲೆ ಅರವತ್ತಮೂರು ವರ್ಷದ ಬಾಕಿಯನ್ನೂ ಹೇರುವುದು ಬದುಕಿರುವ ಸರ್ಕಾರಗಳಿಗೆ ಅನುಕೂಲ. ಸಂಸ್ಥೆಗಳೇ ಏಳಿಗೆಯನ್ನು ನಿರ್ಧರಿಸುತ್ತವೆ ಎಂಬ ನೊಬೆಲ್ ಮೂವರ ಮಾತು ರಾಯಚೂರಿನ ಮಟ್ಟಿಗೆ ಸುಳ್ಳಲ್ಲ. ಅದನ್ನು ಇಲ್ಲಿಗೆ ತಂದವರು ಹಿಡಿದ ಶತಮಾನ ತಪ್ಪು, ಹಿಡಿದ ಸಂಸ್ಥೆಯೂ ತಪ್ಪು. ಹುಡುಕಬೇಕಾದದ್ದು ಅರಮನೆಯಲ್ಲಲ್ಲ, 1953ರ ನಂತರದ ನೀರಾವರಿ ಕಚೇರಿಯಲ್ಲಿ.

ಕೊನೆಭಾಗದ ರೈತರಿಗೆ ಇದು ಗೊತ್ತು. ಪ್ರತಿ ಹಂಗಾಮಿನಲ್ಲೂ ಅವರು ರಸ್ತೆಗಿಳಿಯುವುದು 69ನೇ ಮೈಲು, 104ನೇ ಮೈಲುಗಳಲ್ಲಿ ನಾಲೆಯ ಗೇಜ್ ಇಷ್ಟು ಅಡಿ ಇರಲೇಬೇಕು ಎಂದು. ಆ ಗೇಜಿನ ಅಂಕೆಗಳಷ್ಟು ನೇರವಾದ ಆರ್ಥಿಕ ಇತಿಹಾಸದ ಆಕರ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಪ್ರಾದೇಶಿಕ ಅಸಮತೋಲನ ಅಳೆಯಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ನೇತೃತ್ವದಲ್ಲಿ ಇನ್ನೊಂದು ಸಮಿತಿ ನೇಮಕವಾಯಿತು. ಸಮಿತಿಗಳು ಇನ್ನೂ ಬರುತ್ತವೆ. ಹೊಸ ಸೂಚ್ಯಂಕ ಕಟ್ಟುವ ಮುನ್ನ ಜಲಸಂಪನ್ಮೂಲ ಇಲಾಖೆ ಎಡದಂಡೆ ನಾಲೆಯ ಎಲ್ಲ ಗೇಜ್ ದಾಖಲೆಗಳನ್ನು, ಮೊದಲ ವರ್ಷದಿಂದ ಮೊದಲ್ಗೊಂಡು, ಉಪಕಾಲುವೆವಾರು ಪ್ರಕಟಿಸಬೇಕು. ಯಾವ ಊರಿಗೆ ಎಷ್ಟು ನೀರು ಬಂತು, ಯಾವ ಊರಿಗೆ ಬರಲಿಲ್ಲ ಎಂಬುದು ಗೊತ್ತಾಗುವವರೆಗೆ ನಿಜಾಮನ ವಿಚಾರಣೆಯನ್ನು ಮುಂದೂಡಬಹುದು.