ಅವು ಮೊಟ್ಟೆಗಳಲ್ಲ

ಕಳಮೇಶ್ವರಕ್ಕೆ ಬಂದು ಇಪ್ಪತ್ತಾರು ವರ್ಷವಾಯಿತು. ಸುತ್ತ ಕಿತ್ತಳೆ ತೋಟ, ಹತ್ತಿ ಹೊಲ. ಮನೆಯೊಳಗೆ ಕನ್ನಡ, ಗೇಟಿನಾಚೆ ಮರಾಠಿ. ಮೊನ್ನೆ ಹಿತ್ತಲ ನಿಂಬೆ ಗಿಡದಲ್ಲಿ ಸೊರಗಿದ ಒಂದು ಹಸಿರು ಹುಳು ಕಂಡಿತು. ಪಕ್ಕದಲ್ಲೇ ಅಕ್ಕಿಕಾಳಿನಂಥ ಗೂಡುಗಳ ಗುಂಪು. "ಅಂಡೀ ಆಹೇತ" ಅಂದರು ಪಕ್ಕದ ಮನೆಯವರು. ಮೊಟ್ಟೆಯಂತೆ!

ನಗು ಬರಲಿಲ್ಲ. ಚಿಕ್ಕಂದಿನಲ್ಲಿ ಶಿರಸಿ ಕಡೆಯ ನಮ್ಮ ತೋಟದಲ್ಲಿ ನಾನೂ ಹಾಗೇ ತಿಳಿದು, ಇಂಥವನ್ನು ಕೆರೆದು ಒಲೆಗೆ ಹಾಕುತ್ತಿದ್ದೆ. ಹುಳದ ಸಂತಾನ ಅಳಿಸಿದೆನೆಂಬ ಹೆಮ್ಮೆ ಬೇರೆ.

ಈ ತಪ್ಪು ಹಳೆಯದು. ಇಟಲಿಯ ಆಲ್ಡ್ರೊವಾಂಡಿ 1602ರಲ್ಲಿ ಕೋಸಿನ ಹುಳುವಿನ ಬಳಿ ಇಂಥವೇ ಗೂಡುಗಳನ್ನು ಕಂಡು ಮೊಟ್ಟೆ ಎಂದೇ ಭಾವಿಸಿದ. ಸರಿಯಾದ ವಿವರಣೆಗೆ ನೂರು ವರ್ಷ ಕಾಯಬೇಕಾಯಿತು. 1706ರಲ್ಲಿ ವಾಲಿಸ್ನೇರಿ ಹೇಳಿದ್ದು ಇಷ್ಟು: ಪುಟ್ಟ ಕಣಜವೊಂದು ಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿಗಳು ಒಳಗೇ ತಿಂದು ಬೆಳೆದು ಹೊರಬಂದು ಗೂಡು ಕಟ್ಟುತ್ತವೆ.

ನಮ್ಮಜ್ಜಿಯ ಬಳಿ ಇನ್ನೊಂದು ವಿವರಣೆ ಇತ್ತು, ಕೀಟ-ಭೃಂಗ ನ್ಯಾಯ. ಮಣ್ಣುಗೂಡಿನಲ್ಲಿ ಸಿಕ್ಕ ಹುಳು ಕಣಜವನ್ನೇ ಧ್ಯಾನಿಸಿ ಕಣಜವಾಗುತ್ತದೆಯಂತೆ. ನೋಡಿದ್ದು ಸುಳ್ಳಲ್ಲ, ಹುಳು ಒಳಹೋಗಿದ್ದು, ಕಣಜ ಹೊರಬಂದಿದ್ದು ಎರಡೂ ನಿಜ. ನಡುವೆ ನಡೆದದ್ದು ಮಾತ್ರ ಧ್ಯಾನವಲ್ಲ, ಊಟ!

ಇವುಗಳ ಗುರುತು ಹಿಡಿಯುವುದು ಸುಲಭವಲ್ಲ. ಎರಡು-ಮೂರು ಮಿಲಿಮೀಟರ್ ಜೀವ. ರೆಕ್ಕೆಯ ನರ, ಹೊಟ್ಟೆಯ ಫಲಕದ ಆಕಾರ, ಮೊಟ್ಟೆ ಇಡುವ ಸೂಜಿಯ ಉದ್ದ ಎಲ್ಲ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಯಾವ ಹುಳುವಿನಿಂದ ಬಂತು ಎಂಬುದೂ ಗೊತ್ತಿರಬೇಕು. ಅದಕ್ಕೇ ಚಿಟ್ಟೆ ಸಾಕುವ ಹವ್ಯಾಸಿಗಳು ಇಲ್ಲಿ ಮುಖ್ಯ. ಚಿಟ್ಟೆಗಾಗಿ ಕಾದವರಿಗೆ ಕಣಜ ಸಿಕ್ಕರೆ ನಿರಾಸೆಯೇ. ಆದರೆ ಅದನ್ನು ಎಸೆಯದೆ ತಜ್ಞರಿಗೆ ಕಳಿಸಿದವರಿಂದಲೇ ಎಷ್ಟೋ ಪ್ರಭೇದಗಳು ಬೆಳಕಿಗೆ ಬಂದವು.

ಹಾಗೆ ಕಳಿಸುವ ವಿಳಾಸ ನಮ್ಮ ಬೆಂಗಳೂರಿನಲ್ಲೇ ಇದೆ. 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತ ಕೇಂದ್ರವಾಗಿ ಆರಂಭವಾದ ಕೆಲಸ, 1993ರಲ್ಲಿ ನಿರ್ದೇಶನಾಲಯವಾಗಿ, ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂಬ ಹೆಸರಲ್ಲಿ ನಡೆದಿದೆ. ಅಲ್ಲಿನ ಅಂಕಿತಾ ಗುಪ್ತಾ, ಬ್ಲೇಸ್ ಪೆರೇರಾ ಜೊತೆಗೂಡಿ 2012ರಲ್ಲಿ ಒಂದು ಹೊಸ ಕಣಜಕ್ಕೆ ಗ್ಲಿಪ್ಟಾಪಾಂಟೆಲಿಸ್ ಹೈಪರ್ಮ್ನೆಸ್ಟ್ರೇ ಎಂದು ಹೆಸರಿಟ್ಟರು. ಅದು ಬಂದದ್ದು ಪಾಮ್‌ಫ್ಲೈ ಚಿಟ್ಟೆಯ ಹುಳುವಿನಿಂದ. ತೆಂಗು, ಅಡಿಕೆಯ ಗರಿ ತಿನ್ನುವ, ಸಹ್ಯಾದ್ರಿಯವರೆಲ್ಲ ನೋಡಿರಬಹುದಾದ ಚಿಟ್ಟೆ ಅದು!

ಹೆಸರಿಂದೇನು ಲಾಭ ಅನ್ನುತ್ತೀರಾ? 2018ರಲ್ಲಿ ಅಮೆರಿಕ ಮೂಲದ ಸೈನಿಕ ಹುಳು ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಕಾಣಿಸಿತು, ಭಾರತದಲ್ಲೇ ಮೊದಲು. ಅದೇ ವರ್ಷ ಆ ಹುಳುವಿನೊಳಗಿಂದ ಹೊರಬಂದ ಕಣಜಗಳಲ್ಲಿ ಒಂದನ್ನು ಬೆಂಗಳೂರಿನವರು ಗುರುತಿಸಿದರು: ಗ್ಲಿಪ್ಟಾಪಾಂಟೆಲಿಸ್ ಕ್ರಿಯಾಟೊನೋಟಿ. 1912ರಲ್ಲೇ ವಿಯೆರೆಕ್ ಹೆಸರಿಟ್ಟದ್ದು. ಶತ್ರು ಹೊಸಬ, ಅವನಿಗೆ ಎದುರಾಳಿ ನಮ್ಮ ಹೊಲದ ಹಳಬ. ಕಂಡಕಂಡಲ್ಲಿ ವಿಷ ಹೊಡೆದರೆ ಮೊದಲು ಸಾಯುವುದು ಈ ಹಳಬನೇ.

ನಿಂಬೆ ಎಲೆಯನ್ನು ಕಿತ್ತು ಬಾಟಲಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿಟ್ಟೆ. ಐದನೇ ದಿನ ಬೆಳಿಗ್ಗೆ ಒಳಗೆ ಕಪ್ಪು ಚುಕ್ಕಿಗಳು ಓಡಾಡುತ್ತಿದ್ದವು. ಪಕ್ಕದ ಮನೆಯವರನ್ನು ಕರೆದು ತೋರಿಸಿದೆ. ಆಮೇಲೆ ಬಟ್ಟೆ ಬಿಚ್ಚಿ ಬಾಟಲಿಯನ್ನು ಗಿಡದ ಬುಡದಲ್ಲಿಟ್ಟೆ. ಚಿಕ್ಕಂದಿನ ಒಲೆಯ ಲೆಕ್ಕ ಇದರಿಂದ ತೀರುವುದಿಲ್ಲ, ಗೊತ್ತು.