ಮಕ್ಕಳಾಟವಲ್ಲದ ಕಾಟ

ಹಗಲಿನಲ್ಲಿ ಪೊಟರೆಯಿಂದ ಹೊರಬಿದ್ದ ಗೂಬೆಯ ಪಾಡನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತಾರೆ. ಮೊದಲು ಒಂದು ಕಾಗೆ ಕೂಗುತ್ತದೆ. ಆ ಕೂಗು ಕೇಳಿ ಎಲ್ಲೆಲ್ಲಿಂದಲೋ ಇನ್ನಷ್ಟು ಕಾಗೆಗಳು ಬಂದು ಸೇರುತ್ತವೆ. ಒಂದೊಂದೂ ಹಾರಿ ಬಂದು ಕುಕ್ಕಿ, ಗೂಬೆ ಜಾಗ ಬಿಡುವ ತನಕ ಅಟ್ಟುತ್ತವೆ. ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸಿದ ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1963ರಲ್ಲಿ ಆಕ್ರಮಣಶೀಲತೆಯ ಬಗ್ಗೆ ಬರೆದ ಪುಸ್ತಕದಲ್ಲಿ ಹಕ್ಕಿಗಳ ಈ ಸಾಮೂಹಿಕ ದಾಳಿಯನ್ನು ವಿವರಿಸಿದ್ದರು. ಇಂಗ್ಲಿಷಿನಲ್ಲಿ ಇದಕ್ಕೆ 'ಮಾಬಿಂಗ್' ಎಂದು ಹೆಸರು.

ಈ ಹಕ್ಕಿಶಾಸ್ತ್ರದ ಮಾತು ಶಾಲೆಯ ಅಂಗಳಕ್ಕೆ ಬಂದದ್ದು 1969ರಲ್ಲಿ. ತಂದವರು ಸ್ವೀಡನ್ನಿನ ವೈದ್ಯ ಪೀಟರ್ ಪಾಲ್ ಹೈನೆಮನ್. ಅವರು ಬಾಲ್ಯದಲ್ಲಿ ನಾಜಿಗಳ ಜರ್ಮನಿಯಿಂದ ಪಾರಾಗಿ ಬಂದಿದ್ದ ಯೆಹೂದಿ. ಗುಂಪು ಒಬ್ಬನ ಮೇಲೆ ಎರಗುವುದೆಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಪ್ಪು ಬಣ್ಣದ ಬಾಲಕನೊಬ್ಬನನ್ನು ಜೊತೆಯ ಮಕ್ಕಳು ಸುತ್ತುಗಟ್ಟಿ ಕಾಡುತ್ತಿದ್ದ ಬಗ್ಗೆ ಬರೆಯುವಾಗ ಅವರು ಲೊರೆಂಜ್ ಅವರ ಪದವನ್ನೇ ಸ್ವೀಡಿಷ್ ರೂಪಕ್ಕೆ ತಿರುಗಿಸಿ 'ಮಾಬ್ನಿಂಗ್' ಎಂದರು. ಕೆಲವೇ ವರ್ಷಗಳಲ್ಲಿ ಆ ಪದ ಮನೆಮಾತಾಯಿತು.

ಒಂದು ಪದ ಹುಟ್ಟಿದ್ದಕ್ಕೆ ಇಷ್ಟು ಪೀಠಿಕೆ ಏಕೆ ಎಂದು ಓದುಗರು ಕೇಳಬಹುದು. ಇಂದು ಮೊಬೈಲ್ ಪರದೆಯ ಮೇಲೆ ಮಕ್ಕಳು ಮಕ್ಕಳಿಗೆ ಕೊಡುವ ಕಿರುಕುಳ, ಅಂದರೆ ಸೈಬರ್ ಬುಲ್ಲಿಯಿಂಗ್, ನೆನ್ನೆ ಮೊನ್ನೆ ಎಲ್ಲಿಂದಲೋ ಬಂದಿಳಿದ ಪೀಡೆಯೆಂಬಂತೆ ಮಾತನಾಡುತ್ತೇವೆ. ಅದರ ಬೇರು ಹಳೆಯದು. ಆ ಬೇರನ್ನು ಗುರುತಿಸಲು ದೊಡ್ಡವರಿಗೆ ಬಹಳ ಕಾಲ ಹಿಡಿಯಿತು. ಹೆಸರಿಲ್ಲದ ನೋವು ದೂರಿನ ರೂಪ ಪಡೆಯುವುದಿಲ್ಲ. ನಮ್ಮಲ್ಲಿ ರೇಗಿಸುವುದು, ಗೇಲಿ ಮಾಡುವುದು, ಕಾಡುವುದು, ಚುಡಾಯಿಸುವುದು ಎಂದು ಬೇಕಾದಷ್ಟು ಮಾತುಗಳಿವೆ. ಆದರೆ ದೊಡ್ಡವರ ಬಾಯಲ್ಲಿ ಇವೆಲ್ಲಕ್ಕೂ ಒಂದೇ ತೀರ್ಪು: ಮಕ್ಕಳಾಟ. ಮಕ್ಕಳ ಜಗಳಕ್ಕೆ ದೊಡ್ಡವರು ತಲೆ ಹಾಕಬಾರದೆಂಬ ಬುದ್ಧಿಮಾತೂ ಅದರ ಜೊತೆಗೆ ಬರುತ್ತದೆ. ಸಮಬಲದ ಇಬ್ಬರ ಜಗಳಕ್ಕೆ ಈ ಮಾತು ಸರಿ. ಹತ್ತು ಕಾಗೆ ಒಂದು ಗೂಬೆಯ ಪ್ರಸಂಗಕ್ಕೆ ಸಲ್ಲದು.

ಇಂಗ್ಲಿಷರಲ್ಲೂ ಹಾಗೆಯೇ ಇತ್ತು. ಹದಿನಾರನೆಯ ಶತಮಾನದಲ್ಲಿ 'ಬುಲ್ಲಿ' ಎಂದರೆ ನಲ್ಲ, ನಲ್ಲೆ, ಮೆಚ್ಚಿನ ಗೆಳೆಯ ಎಂದು ಅರ್ಥ. ಷೇಕ್ಸ್‌ಪಿಯರನ ನಾಟಕದಲ್ಲಿ ನೇಕಾರ ಬಾಟಮ್‌ನನ್ನು ಸಂಗಡಿಗರು ಪ್ರೀತಿಯಿಂದ ಕರೆಯುವುದೇ ಹಾಗೆ. ಕ್ರಮೇಣ ಅದು ಪುಂಡ, ದುರ್ಬಲರನ್ನು ಪೀಡಿಸುವವ ಎಂಬ ಅರ್ಥಕ್ಕೆ ಜಾರಿತು. 1857ರಲ್ಲಿ ಥಾಮಸ್ ಹ್ಯೂಸ್ ಬರೆದ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಕಾದಂಬರಿಯಲ್ಲಿ ಫ್ಲಾಶ್‌ಮನ್ ಎಂಬ ಹಿರಿಯ ಹುಡುಗ ಕಿರಿಯರನ್ನು ಗೋಳು ಹೊಯ್ದುಕೊಳ್ಳುವ, ಒಬ್ಬನನ್ನು ಬೆಂಕಿಯ ಮುಂದೆ ಹಿಡಿದು ಸುಡುವ ಪ್ರಸಂಗಗಳಿವೆ. ಓದುಗರು ಕನಿಕರಪಟ್ಟರು. ಆದರೂ ಹುಡುಗರನ್ನು ಗಂಡಸರನ್ನಾಗಿ ಮಾಡುವ ಕುಲುಮೆ ಅದು ಎಂಬ ನಂಬಿಕೆ ಅಲುಗಲಿಲ್ಲ.

ಅಲುಗಿಸಿದವರು ಡಾನ್ ಓಲ್ವೇಯಸ್. 1931ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿ, ನಾರ್ವೆಯ ಬರ್ಗನ್‌ನಲ್ಲಿ ನೆಲೆಸಿ, 2020ರಲ್ಲಿ ತೀರಿಕೊಂಡ ಈ ಮನಶ್ಶಾಸ್ತ್ರಜ್ಞ 1970ರ ಸುಮಾರಿಗೆ ಸ್ವೀಡಿಷ್ ಬಾಲಕರನ್ನು ಕ್ರಮಬದ್ಧವಾಗಿ ಅಭ್ಯಸಿಸಿದರು. ಹೈನೆಮನ್ ಅವರ 'ಗುಂಪು' ಎಂಬ ಚಿತ್ರ ಪೂರ್ತಿ ಸರಿಯಲ್ಲವೆಂದು ಅವರಿಗೆ ಕಂಡಿತು. ಇಡೀ ತರಗತಿ ಒಮ್ಮೆಲೇ ಎರಗುವುದು ಅಪರೂಪ. ಸಾಮಾನ್ಯವಾಗಿ ಒಬ್ಬಿಬ್ಬರು ಮೂವರು ಹುಡುಗರು ಒಬ್ಬನನ್ನೇ ಗುರಿಯಾಗಿಸಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಡುತ್ತಾರೆ. ಕಿರುಕುಳಕ್ಕೆ ಅವರು ಕೊಟ್ಟ ಮೂರು ಲಕ್ಷಣಗಳು ಇಂದಿಗೂ ಬಳಕೆಯಲ್ಲಿವೆ: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ನೋಯುವವನು ಎದುರಿಸಲಾರದಷ್ಟು ಬಲದ ಅಂತರ.

ಅವರು ಒಡೆದ ಇನ್ನೊಂದು ನಂಬಿಕೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ದಪ್ಪಗಿದ್ದಾನೆ, ಕನ್ನಡಕ ಹಾಕುತ್ತಾನೆ, ಕೆಂಚುಗೂದಲಿದೆ, ಮಾತು ಬೇರೆ ಥರ, ಅದಕ್ಕೇ ಅವನನ್ನು ಕಾಡುತ್ತಾರೆ ಎಂದು ಎಲ್ಲರೂ ನಂಬಿದ್ದರು. ಓಲ್ವೇಯಸ್ ಲೆಕ್ಕ ಹಾಕಿದಾಗ ಯಾರೂ ಕಾಡದ ಹುಡುಗರಲ್ಲೂ ಇಂಥ 'ಕೊರತೆ'ಗಳು ಅಷ್ಟೇ ಇದ್ದವು. ಪೀಡಿತರಲ್ಲಿ ಎದ್ದು ಕಂಡ ದೈಹಿಕ ವ್ಯತ್ಯಾಸವೆಂದರೆ ಅವರು ತುಸು ಬಲಹೀನರಾಗಿದ್ದುದು. ಅಂದರೆ ಕನ್ನಡಕ ಕಾರಣವಲ್ಲ, ನೆಪ. ಒಂದು ನೆಪ ತೆಗೆದರೆ ಇನ್ನೊಂದು ಸಿಗುತ್ತದೆ. 'ನೀನು ಸ್ವಲ್ಪ ಸರಿಯಾಗಿದ್ದರೆ ಯಾರು ಯಾಕೆ ಅನ್ನುತ್ತಾರೆ?' ಎಂದು ಮಗುವಿಗೇ ಬುದ್ಧಿ ಹೇಳುವ ನಮ್ಮ ಮನೆಗಳ ಪದ್ಧತಿ ನಿಂತಿರುವುದು ಈ ತಪ್ಪು ನಂಬಿಕೆಯ ಮೇಲೆ.

ಸಂಶೋಧನೆ ಪುಸ್ತಕದಲ್ಲೇ ಉಳಿಯಬಹುದಿತ್ತು. 1982ರ ಕೊನೆಯಲ್ಲಿ ನಾರ್ವೆಯ ಉತ್ತರ ಭಾಗದಲ್ಲಿ ಹತ್ತರಿಂದ ಹದಿನಾಲ್ಕು ವಯಸ್ಸಿನೊಳಗಿನ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ತೀವ್ರ ಕಿರುಕುಳವೇ ಕಾರಣವೆಂದು ಪತ್ರಿಕೆಗಳು ವರದಿ ಮಾಡಿದವು. ಇಡೀ ದೇಶ ತಲ್ಲಣಿಸಿತು. ಮರುವರ್ಷವೇ, 1983ರಲ್ಲಿ, ಶಿಕ್ಷಣ ಸಚಿವಾಲಯ ದೇಶದ ಎಲ್ಲ ಶಾಲೆಗಳಲ್ಲಿ ಕಿರುಕುಳ ವಿರೋಧಿ ಅಭಿಯಾನ ಆರಂಭಿಸಿತು. ಸುಮಾರು 1,30,000 ವಿದ್ಯಾರ್ಥಿಗಳು ಹೆಸರು ಬರೆಯದೆ ಪ್ರಶ್ನಾವಳಿ ತುಂಬಿದರು. ನೂರಕ್ಕೆ 15ರಷ್ಟು ಮಕ್ಕಳು ಈ ಪೀಡೆಯಲ್ಲಿ ಸಿಕ್ಕಿದ್ದರು. 9ರಷ್ಟು ಮಂದಿ ಅನುಭವಿಸುವವರು, 7ರಷ್ಟು ಕೊಡುವವರು. ಕೆಲವರು ಎರಡೂ ಕಡೆ ಇದ್ದುದರಿಂದ ಕೂಡಿದರೆ ಹದಿನೈದಕ್ಕೆ ತುಸು ಹೆಚ್ಚಾಗುತ್ತದೆ.

ಬರ್ಗನ್‌ನ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಓಲ್ವೇಯಸ್ ಎರಡು ವರ್ಷ ಹಿಂಬಾಲಿಸಿದರು. ಅಲ್ಲಿ ಮಾಡಿದ್ದರಲ್ಲಿ ಬೆರಗುಗೊಳಿಸುವಂಥದು ಏನೂ ಇರಲಿಲ್ಲ. ವಿರಾಮದ ವೇಳೆ ಶಿಕ್ಷಕರು ಕೊಠಡಿಯಲ್ಲಿ ಕೂರದೆ ಅಂಗಳದಲ್ಲಿ ನಿಂತರು. ಪ್ರತಿ ತರಗತಿಯಲ್ಲೂ ಯಾರನ್ನೂ ಕಾಡಬಾರದು, ಒಂಟಿಯಾದವರನ್ನು ಸೇರಿಸಿಕೊಳ್ಳಬೇಕು ಎಂಬ ನಿಯಮಗಳನ್ನು ಮಕ್ಕಳೊಡನೆ ಚರ್ಚಿಸಿ ಬರೆದರು. ಕಾಡಿದವನನ್ನೂ ಅವನ ತಂದೆತಾಯಿಯನ್ನೂ ಕರೆದು ಗಂಭೀರವಾಗಿ ಮಾತನಾಡಿದರು. ಕಿರುಕುಳ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ಇಳಿಯಿತು. ಇತ್ತ ಸ್ಟಾವೆಂಗರ್ ಸುತ್ತಿನ 37 ಶಾಲೆಗಳನ್ನು ಎರ್ಲಿಂಗ್ ರೋಲಾನ್ ಎಂಬ ಇನ್ನೊಬ್ಬ ಸಂಶೋಧಕರು 1986ರಲ್ಲಿ ನೋಡಿದಾಗ ಒಟ್ಟಾರೆ ಇಳಿಕೆಯೇ ಕಾಣಲಿಲ್ಲ. ಮನಸ್ಸಿಟ್ಟು ಕೆಲಸ ಮಾಡಿದ ಶಾಲೆಗಳು ಮಾತ್ರ ಇದ್ದುದರಲ್ಲಿ ಮೇಲು. ಸರಕಾರದ ಪುಸ್ತಿಕೆ ಬೀರುವಿನಲ್ಲಿದ್ದರೆ ಮಕ್ಕಳಿಗೆ ಏನೂ ಆಗುವುದಿಲ್ಲ. ಇದು ನಾರ್ವೆಗೆ ಮಾತ್ರ ಸೀಮಿತವಾದ ಅನುಭವವೇನಲ್ಲ.

ದೊಡ್ಡವರು ಪ್ರೇಕ್ಷಕರಾದರೆ ಏನಾಗುತ್ತದೆ ಎಂಬುದನ್ನು ಅದೇ 1986ರಲ್ಲಿ ಜಪಾನ್ ಕಂಡಿತು. ಟೋಕಿಯೋದ ಶಾಲೆಯೊಂದರಲ್ಲಿ ಹದಿಮೂರರ ಬಾಲಕನಿಗೆ ಸಹಪಾಠಿಗಳು ಅಣಕು ಶವಸಂಸ್ಕಾರ ಏರ್ಪಡಿಸಿದ್ದರು. ಅವನ ಡೆಸ್ಕಿನ ಮೇಲಿಟ್ಟ ವಿದಾಯ ಪತ್ರಕ್ಕೆ ನಾಲ್ವರು ಶಿಕ್ಷಕರೂ ಸಹಿ ಹಾಕಿದ್ದರು. ತಮಾಷೆ ಎಂದುಕೊಂಡು! ಹುಡುಗ ಆತ್ಮಹತ್ಯೆ ಮಾಡಿಕೊಂಡ.

ಇಷ್ಟೆಲ್ಲದರಲ್ಲಿ ಒಂದು ಸಮಾಧಾನವಿತ್ತು. ಸಂಜೆ ಗಂಟೆ ಬಾರಿಸುತ್ತಿತ್ತು, ಮಗು ಮನೆಗೆ ಬರುತ್ತಿತ್ತು. ಅಂತರಜಾಲ ಕಸಿದುಕೊಂಡದ್ದು ಈ ಗಂಟೆಯನ್ನು. 2000ದ ಆಸುಪಾಸಿನಲ್ಲಿ ಕೆನಡಾದ ಶಿಕ್ಷಕ ಬಿಲ್ ಬೆಲ್ಸಿ ಮೊದಲಾದವರು 'ಸೈಬರ್ ಬುಲ್ಲಿಯಿಂಗ್' ಎಂಬ ಮಾತನ್ನು ಬಳಕೆಗೆ ತಂದರು. 2003ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಹದಿಮೂರರ ಬಾಲಕನೊಬ್ಬ ಜೀವ ಕಳೆದುಕೊಂಡ. ಶಾಲೆಯಲ್ಲಿ ಮಗನಿಗೆ ಕಾಟವಿದ್ದುದು ತಂದೆಗೆ ಗೊತ್ತಿತ್ತು. ಆದರೆ ಅದೇ ಕಾಟ ರಾತ್ರಿ ಕಂಪ್ಯೂಟರಿನ ಸಂದೇಶಗಳ ಮೂಲಕ ಮನೆಯೊಳಗೇ ಮುಂದುವರಿದಿತ್ತೆಂಬುದು ಮಗ ಹೋದ ಮೇಲೆ ಆ ಕಂಪ್ಯೂಟರ್ ತೆರೆದಾಗಲಷ್ಟೇ ತಿಳಿಯಿತು. ತಂದೆಯ ಹೋರಾಟದಿಂದ ಮರುವರ್ಷ ಆ ರಾಜ್ಯದಲ್ಲಿ ಕಿರುಕುಳ ತಡೆಯ ಕಾನೂನು ಬಂತು.

ಪರದೆ ಬೇರೇನನ್ನು ಬದಲಿಸಿತು? 2012ರಲ್ಲಿ ಓಲ್ವೇಯಸ್ ಅವರೇ ಸೈಬರ್ ಕಿರುಕುಳದ ಬಗ್ಗೆ ಆಗುತ್ತಿರುವ ಗದ್ದಲ ಅತಿಯಾಯಿತೆಂದು ಬರೆದರು. ಪರದೆಯ ಮೇಲೆ ಪೀಡೆಗೊಳಗಾಗುವ ಮಕ್ಕಳಲ್ಲಿ ಬಹುಪಾಲು ಶಾಲೆಯಲ್ಲೂ ಪೀಡೆಗೊಳಗಾಗುವವರೇ ಎಂಬುದು ಅವರ ವಾದ. ಮಾತು ಸುಳ್ಳಲ್ಲ. ಆದರೆ ಅವರದೇ ಮೂರು ಲಕ್ಷಣಗಳು ಪರದೆಯ ಮೇಲೆ ಅಲುಗಾಡುತ್ತವೆ. ಒಂದು ಚಿತ್ರವನ್ನು ಒಬ್ಬ ಒಮ್ಮೆ ಹಾಕುತ್ತಾನೆ, ನೂರು ಮಂದಿ ಮುಂದಕ್ಕೆ ಕಳಿಸುತ್ತಾರೆ. ಮತ್ತೆ ಮತ್ತೆ ಹೊಡೆದವರು ಯಾರು? ತೋಳ್ಬಲದ ಅಂತರಕ್ಕೆ ಇಲ್ಲಿ ಬೆಲೆಯಿಲ್ಲ, ಹೆಸರು ಮರೆಸಿಕೊಂಡವನೇ ಬಲಶಾಲಿ. ಎದುರಿಗೆ ನಿಂತು ಕಾಡಿದವನಿಗೆ ಕಣ್ಣೀರಾದರೂ ಕಾಣುತ್ತಿತ್ತು, ಇಲ್ಲಿ ಅದೂ ಇಲ್ಲ.

ಕಾನೂನಿನಿಂದ ಇದನ್ನು ಹಿಡಿಯುವ ಪ್ರಯತ್ನಗಳು ಹಲವೆಡೆ ಮುಗ್ಗರಿಸಿವೆ. 2006ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಇಲ್ಲದ ಹುಡುಗನ ಹೆಸರಿನಲ್ಲಿ ಖಾತೆ ತೆರೆದು ಹದಿಮೂರರ ಬಾಲಕಿಯೊಬ್ಬಳ ಸ್ನೇಹ ಸಂಪಾದಿಸಿ, ಬಳಿಕ ನಿಂದಿಸಿ, ಅವಳ ಸಾವಿಗೆ ದಾರಿಯಾದ ಪ್ರಕರಣ ನಡೆಯಿತು. ಅದರಲ್ಲಿ ನೆರೆಮನೆಯ ತಾಯಿಯೊಬ್ಬರ ಪಾಲೂ ಇತ್ತು. ಹೊಂದುವ ಕಾನೂನು ಸಿಗದೆ, ಜಾಲತಾಣದ ನಿಯಮ ಮುರಿದ ಕಂಪ್ಯೂಟರ್ ಅಪರಾಧವೆಂದು ಮೊಕದ್ದಮೆ ಹೂಡಿದರು. 2008ರಲ್ಲಿ ಆದ ಶಿಕ್ಷಾರ್ಹ ತೀರ್ಪನ್ನು 2009ರಲ್ಲಿ ನ್ಯಾಯಾಧೀಶರೇ ತಳ್ಳಿಹಾಕಿದರು. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ 2013ರಲ್ಲಿ ತಂದ ಕಾಯ್ದೆಯನ್ನು 2015ರ ಡಿಸೆಂಬರಿನಲ್ಲಿ ಅಲ್ಲಿನ ನ್ಯಾಯಾಲಯ, ವಾಕ್ ಸ್ವಾತಂತ್ರ್ಯವನ್ನೂ ನುಂಗುವಷ್ಟು ಅಗಲವಾಗಿದೆಯೆಂದು ರದ್ದುಮಾಡಿತು. ಅದೇ ವರ್ಷ ಮಾರ್ಚ್ 24ರಂದು ನಮ್ಮ ಸುಪ್ರೀಂ ಕೋರ್ಟ್ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಇಂಥದೇ ಕಾರಣಕ್ಕೆ ಕಿತ್ತುಹಾಕಿತ್ತು. ಮಕ್ಕಳ ಅಶ್ಲೀಲ ಚಿತ್ರ, ಬೆದರಿಕೆ, ಸುಲಿಗೆಗಳಿಗೆ ಬೇರೆ ಕಲಮುಗಳುಂಟು. ಹೀಯಾಳಿಕೆಯನ್ನು ಅಳೆಯುವ ತಕ್ಕಡಿ ಮಾತ್ರ ಸುಲಭಕ್ಕೆ ಸಿಗದು. ಕುತೂಹಲದ ಸಂಗತಿಯೆಂದರೆ, ಕರ್ನಾಟಕ ಶಿಕ್ಷಣ ಕಾಯ್ದೆ ರ‍್ಯಾಗಿಂಗ್ ಎಂದರೇನೆಂದು ಹೇಳುವಾಗ ವಿದ್ಯಾರ್ಥಿಯನ್ನು ನಗೆಪಾಟಲಿಗೆ ಈಡುಮಾಡುವುದನ್ನೂ ಸೇರಿಸಿದೆ. ಅದನ್ನು ಬರೆದ ಕಾಲಕ್ಕೆ ಮಕ್ಕಳ ಕೈಯಲ್ಲಿ ಮೊಬೈಲ್ ಇರಲಿಲ್ಲ.

ಆದರೆ ಕಾನೂನಿನ ಬಾಗಿಲಿಗೆ ಬರುವ ಮೊದಲು ವಿಷಯ ಮನೆಯಲ್ಲಿ ತಿಳಿಯಬೇಕಲ್ಲ! ಅಮೆರಿಕದ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯಾನಾ ಯುವೋನೆನ್ ಮತ್ತು ಎಲಿಶೆವಾ ಗ್ರಾಸ್ ಅಂತರಜಾಲ ಬಳಸುವ 12ರಿಂದ 17 ವಯಸ್ಸಿನ 1,454 ಮಕ್ಕಳನ್ನು ವಿಚಾರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದಿನ ಒಂದು ವರ್ಷದಲ್ಲಿ ಒಮ್ಮೆಯಾದರೂ ಜಾಲದಲ್ಲಿ ನೊಂದವರು ನೂರಕ್ಕೆ 72. ಅವರಲ್ಲಿ ದೊಡ್ಡವರಿಗೆ ಹೇಳದವರು ನೂರಕ್ಕೆ 90. ತಾವೇ ನಿಭಾಯಿಸಬೇಕೆಂಬುದು ಒಂದು ಕಾರಣ. ಸುಮಾರು ಮೂರನೆಯ ಒಂದು ಭಾಗದಷ್ಟು ಮಕ್ಕಳು ಕೊಟ್ಟ ಇನ್ನೊಂದು ಕಾರಣ, ಹೇಳಿದರೆ ಅಪ್ಪ ಅಮ್ಮ ಅಂತರಜಾಲವನ್ನೇ ಕಡಿಮೆ ಮಾಡಿಬಿಡುತ್ತಾರೆಂಬ ಅಂಜಿಕೆ. 'ಮೊದಲು ಆ ಫೋನು ಇಲ್ಲಿ ಕೊಡು' ಎಂದು ಗದರುವ ತಂದೆ ಕಾಪಾಡುತ್ತಿದ್ದೇನೆಂದು ಭಾವಿಸಿರುತ್ತಾನೆ. ಮಗುವಿಗೆ ಅದು ಎರಡನೆಯ ಪೆಟ್ಟು, ಮುಂದಿನ ಸಲ ಬಾಯಿ ಬಿಡಬಾರದೆಂಬ ಪಾಠ. ಫೋನು ಮಗುವಿನಲ್ಲೇ ಉಳಿಯುತ್ತದೆಂಬ ಭರವಸೆ ಮೊದಲು ಸಿಗಬೇಕು. ಆಮೇಲೆ ಬಂದ ಸಂದೇಶಗಳನ್ನು ಅಳಿಸದೆ ಪರದೆಯ ಚಿತ್ರ ತೆಗೆದಿಡುವುದು, ಉತ್ತರ ಕೊಡದೆ ಆ ಖಾತೆಯನ್ನು ತಡೆಯುವುದು, ಶಾಲೆಗೆ ತಿಳಿಸುವುದು ಇತ್ಯಾದಿ. ಬೆದರಿಕೆ ಅಥವಾ ಚಿತ್ರಗಳ ವಿಷಯವಾದರೆ ಮಕ್ಕಳ ಸಹಾಯವಾಣಿ 1098 ಇದೆ, ಸೈಬರ್ ಅಪರಾಧದ ದೂರಿಗೆ 1930 ಇದೆ.

ಉಳಿದದ್ದು ಸುತ್ತ ನಿಂತವರ ವಿಚಾರ. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ 1996ರಲ್ಲಿ ಕಿರುಕುಳದಲ್ಲಿ ಇಬ್ಬರಲ್ಲ, ಇಡೀ ತರಗತಿಯೇ ಪಾತ್ರಧಾರಿ ಎಂದು ತೋರಿಸಿದರು. ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ಬಿಡಿಸುವವರು ಎಲ್ಲರಿಗೂ ಒಂದೊಂದು ಪಾತ್ರ. ಅವರು ಟುರ್ಕು ವಿಶ್ವವಿದ್ಯಾಲಯದಲ್ಲಿ ರೂಪಿಸಿದ 'ಕಿವಾ' ಕಾರ್ಯಕ್ರಮ ಹೆಚ್ಚು ಗಮನ ಕೊಡುವುದು ಈ ಪ್ರೇಕ್ಷಕರಿಗೇ. ಕೆನಡಾದಲ್ಲಿ ಡೆಬ್ರಾ ಪೆಪ್ಲರ್, ವೆಂಡಿ ಕ್ರೇಗ್ ಮತ್ತು ಸಂಗಡಿಗರು ಆಟದ ಮೈದಾನಗಳಲ್ಲಿ ಚಿತ್ರೀಕರಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 88 ಪ್ರಸಂಗಗಳಲ್ಲಿ ಬೇರೆ ಮಕ್ಕಳು ಹಾಜರಿದ್ದರು. ಬಿಡಿಸಲು ಮುಂದಾದದ್ದು 19ರಲ್ಲಿ ಮಾತ್ರ. ಆದರೆ ಹಾಗೆ ಮುಂದಾದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತೇ ಸೆಕೆಂಡಿನಲ್ಲಿ ಕಾಟ ನಿಂತಿತು.

2007ರಲ್ಲಿ ನೋವಾ ಸ್ಕೋಷಿಯಾದ ಗ್ರಾಮೀಣ ಪ್ರೌಢಶಾಲೆಯೊಂದರಲ್ಲಿ, ಶಾಲೆಯ ಮೊದಲ ದಿನ ಗುಲಾಬಿ ಬಣ್ಣದ ಅಂಗಿ ತೊಟ್ಟು ಬಂದ ಒಂಬತ್ತನೆಯ ತರಗತಿಯ ಹುಡುಗನನ್ನು ಕೆಲವರು ಹಂಗಿಸಿ ಹೆದರಿಸಿದರು. ವಿಷಯ ತಿಳಿದ ಹನ್ನೆರಡನೆಯ ತರಗತಿಯ ಇಬ್ಬರು, ಡೇವಿಡ್ ಷೆಫರ್ಡ್ ಮತ್ತು ಟ್ರಾವಿಸ್ ಪ್ರೈಸ್, ಹತ್ತಿರದ ಅಗ್ಗದ ಅಂಗಡಿಗೆ ಹೋಗಿ 50 ಗುಲಾಬಿ ಅಂಗಿ ಕೊಂಡರು. ರಾತ್ರಿ ಇ-ಮೇಲ್ ಮೂಲಕ ಗೆಳೆಯರಿಗೆಲ್ಲ ಸುದ್ದಿ ಮುಟ್ಟಿಸಿದರು. ಮರುದಿನ ಆ ಹುಡುಗ ಶಾಲೆಗೆ ಬಂದಾಗ ನೂರಾರು ಮಂದಿ ಗುಲಾಬಿ ತೊಟ್ಟು ನಿಂತಿದ್ದರು. ಹಂಗಿಸಿದವರ ಸದ್ದು ಆಮೇಲೆ ಕೇಳಲಿಲ್ಲವೆಂದು ಆ ಇಬ್ಬರು ಪತ್ರಿಕೆಯವರಿಗೆ ಹೇಳಿದರು.